ದೇಸಾಯಿಯ ದನಿ

ಕಿಂಗ್ಸ್‌ಬರಿ
ಲಂಡನ್, ೧೮ ಆಗಸ್ಟ್ ೨೦೦೩

ಸೌಜನ್ಯಾ,

ಇವತ್ತು ಶ್ರಾವಣ ಸೋಮವಾರ, ಉಪವಾಸ ಇದ್ದೇನೆ. ಬೆಳಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಅಡುಗೆಮನೆ ಒರೆಸಿ, ನಿಮ್ಮಪ್ಪನಿಗೆ ಗಂಜಿ ಸೋಸಿ ಕೊಟ್ಟು, ಅವರ ಕೊರಳ ಕೊಳವೆ ತೊಳೆದಿಟ್ಟು ಈಗ ಕೂತಿದ್ದೇನೆ. ಬಟ್ಟೆ ಒಗೆಯುವ ಮಷೀನು ತಿರುಗುತ್ತಿದೆ. ಅದು ನಿಲ್ಲುವುದರೊಳಗೆ ಬರೆದು ಮುಗಿಸಬೇಕು ಅಂದುಕೊಂಡಿದ್ದೇನೆ. ಮುಗಿಯುವುದಿಲ್ಲ, ಗೊತ್ತು.

ಕೊರಳ ಕೊಳವೆ ಅಂದೆನಲ್ಲ, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಜೂನ್ ತಿಂಗಳಲ್ಲಿ ನಿಮ್ಮಪ್ಪನಿಗೆ ಗಂಟಲಿನ ಆಪರೇಷನ್ ಆಯಿತು. ಕ್ಯಾನ್ಸರು. ದನಿಪೆಟ್ಟಿಗೆ ಪೂರ್ತಿ ತೆಗೆದರು. ಈಗ ಕೊರಳಿನ ತೂತಿನಿಂದ ಉಸಿರಾಡುತ್ತಾರೆ. ಮಾತಿಲ್ಲ, ಪಿಸುಮಾತೂ ಇಲ್ಲ. ಆಸ್ಪತ್ರೆಯವರು ಕೊರಳಿಗೆ ಹಿಡಿದು ಮಾತಾಡುವ ಒಂದು ಮಷೀನು ಕೊಟ್ಟಿದ್ದರು. ಒಂದೇ ಸಲ ಹಿಡಿದರು. ಡಬ್ಬಿಯೊಳಗೆ ದುಂಬಿ ಸಿಕ್ಕ ಹಾಗೆ ಸದ್ದು ಬಂತು. ಅದನ್ನು ಕಪಾಟಿನಲ್ಲಿ ಇಟ್ಟು ಬಾಗಿಲು ಹಾಕಿದರು. ಈಗ ಒಂದು ಪಾಟಿ ಇದೆ. 'ಚಾ' ಅಂತ ಬರೆಯುತ್ತಾರೆ, 'ಸಾಕು' ಅಂತ ಬರೆಯುತ್ತಾರೆ. ಅಷ್ಟೇ.

ನೀನು ಎಲ್ಲಿದ್ದೀ ಅಂತ ನಮಗೆ ತಿಳಿದದ್ದು ಶಿವಪ್ರಕಾಶನಿಂದ. ಅವನು ಈಗಲೂ ನಮ್ಮ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಾನೆ, ಈಗಲೂ ಜುಬಿಲಿ ಲೈನಿನ ಟ್ಯೂಬ್ ರೈಲು ಓಡಿಸುತ್ತಾನೆ. ಒಂದು ದಿನ ಓಡಿ ಬಂದ. "ಅಕ್ಕಾ, ನಮ್ಮ ಸೌಜಿನ್ನ ನೋಡಿದೆ! ಕ್ಯಾನರಿ ವಾರ್ಫ್‌ನಾಗ ಪ್ಲಾಟ್‌ಫಾರ್ಮಿನ ಗಾಜಿನ ಬಾಗಲದ ಆಚೆ ನಿಂತಿದ್ಲು. ನಾ ಕೈ ಮಾಡಿದೆ. ಆಕಿ ಯಾರೋ ಹುಚ್ಚ ಡ್ರೈವರ್ ಅಂದ್ಕೊಂಡ್ಲು." ಆಮೇಲೆ ಹೇಗೋ ನಿನ್ನ ಆಫೀಸು ಹುಡುಕಿದ. ಈ ಪತ್ರ ಅವನೇ ತರುತ್ತಾನೆ. ಫೋನು ಬೇಡ ಅಂತ ನಾನೇ ಅಂದೆ. ಫೋನಿನಲ್ಲಿ ನಾನು ಅಳುತ್ತೇನೆ, ನೀನು ಇಂಗ್ಲಿಷಿಗೆ ಹೋಗುತ್ತೀ, ಇಬ್ಬರಿಗೂ ಏನೂ ತಿಳಿಯುವುದಿಲ್ಲ.

ನಮ್ಮ ಸಂಗಮ ಹಾಲ್ ನೀನು ಬಿಟ್ಟುಹೋದ ಹಾಗೇ ಇದೆ. ಕೆಳಗೆ ಪರದೆ ಬಟ್ಟೆಯ ಅಂಗಡಿ, ಮೇಲೆ ನಮ್ಮ ಹಾಲ್. ಶನಿವಾರ ಸಂಜೆ ಜನ ಬಂದು ಮೇಜಿಗೆ ಕೂತು ರೊಟ್ಟಿ, ಎಣಗಾಯಿ, ಝುಣಕ ಉಣ್ಣುತ್ತಾರೆ, ಮುಂದೆ ನಾಟಕ ನಡೆಯುತ್ತದೆ. ಇನ್ನು ಬರುವ ಯುಗಾದಿಯವರೆಗೆ ಮಾತ್ರ. ಕಟ್ಟಡ ಕೆಡವಿ ಫ್ಲ್ಯಾಟು ಕಟ್ಟುತ್ತಾರಂತೆ. ನಿಮ್ಮಪ್ಪ ಎಳೆ ವಯಸ್ಸಿಗೇ ನಾಟಕ ಕಂಪನಿ ಸೇರಿದ್ದ ಮನುಷ್ಯ. ಇಲ್ಲಿ ಬ್ರೆಡ್ ಫ್ಯಾಕ್ಟರಿಯಲ್ಲಿ ಹಿಟ್ಟು ಹೊತ್ತರೂ ಶನಿವಾರ ಬಿಟ್ಟವರಲ್ಲ. ನೀನು ಹುಟ್ಟಿದ ವರ್ಷವೇ ಈ ಹಾಲ್ ಶುರು ಮಾಡಿದರು. ಕಡೆಯ ಶನಿವಾರ 'ಹೊಸೂರ ದೇಸಾಯಿ' ಆಡಬೇಕು ಅಂತ ಅವರ ಮನಸ್ಸು. ಬೆಳಗ್ಗೆ ಕಿಟಕಿಯ ಮುಂದೆ ನಿಂತು ಬರೀ ತುಟಿ ಆಡಿಸುತ್ತಾ ಪೂರ್ತಿ ಪಾರ್ಟು ಮಾಡುತ್ತಾರೆ. ಕೈ, ಕಾಲು, ಕಣ್ಣು ಎಲ್ಲ ಇದೆ. ದನಿ ಒಂದೇ ಇಲ್ಲ.

ಏಳು ವರ್ಷದವಳಿದ್ದಾಗಿನಿಂದ ಪರದೆಯ ಹಿಂದೆ ಕೂತು ಅವರಿಗೆ ಮಾತು ಎತ್ತಿ ಕೊಟ್ಟವಳು ನೀನು. ಎಲ್ಲಿ ಉಸಿರು, ಎಲ್ಲಿ ಏರು, ಎಲ್ಲಿ ಇಳಿವು, ನಿನಗೆ ಗೊತ್ತಿದ್ದಷ್ಟು ನನಗೂ ಗೊತ್ತಿಲ್ಲ. ನೀನು ಹಿಂದೆ ಕೂತು ಗಟ್ಟಿಯಾಗಿ ಅವರ ಮಾತು ಆಡಿದರೆ ಅವರು ಮುಂದೆ ದೇಸಾಯಿ ಆಗುತ್ತಾರೆ.

ಒಂದು ಸಂಜೆಗೆ ಬಾ. ಮಷೀನು ನಿಂತಿತು.

ನಿನ್ನ ಅವ್ವ,
ಗಿರಿಜಾದೇವಿ

*

ಕ್ಯಾನರಿ ವಾರ್ಫ್
೧೪ ಸೆಪ್ಟೆಂಬರ್ ೨೦೦೩

ಅವ್ವ,

ನನ್ನ ಕನ್ನಡ ನಾಟಕದ ಪ್ರತಿಗಳಿಂದ ಬಂದದ್ದು. ದೇಸಾಯಿ, ಸುಬೇದಾರರ ಹಾಗೆ ಬರೆದರೆ ನಗಬೇಡ. ನಿನ್ನ ಪತ್ರವನ್ನು ಲಿಫ್ಟಿನಲ್ಲಿ ಓದಿದೆ. ನನ್ನ ಮಹಡಿ ಬಂದಿತು, ಹೋಯಿತು. ಮತ್ತೆ ಕೆಳಗೆ ಇಳಿದು ಹೊರಗೆ ನೀರಿನ ಪಕ್ಕ ಬಹಳ ಹೊತ್ತು ಕೂತೆ. ಅಪ್ಪನಿಗೆ ದನಿ ಇಲ್ಲ ಎನ್ನುವುದನ್ನು ನನ್ನ ತಲೆ ಒಪ್ಪುತ್ತಿಲ್ಲ.

ಆದರೆ ನಾನು ಬರಲಾರೆ.

ಆ ದೀಪಾವಳಿಯ ಶನಿವಾರವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನೇ ಹೇಳುತ್ತೇನೆ. ನನಗೆ ಹತ್ತೊಂಬತ್ತು. ಅದೇ ನಾಟಕ. ದೇಸಾಯಿಯ ವಾಡೆಯಲ್ಲಿ ಬೀಗರ ಪಂಕ್ತಿ ಕೂತಿದೆ. ಹಾಲ್‌ನಲ್ಲಿ ಉಣ್ಣುತ್ತಿರುವ ಜನರೇ ಆ ಬೀಗರು. ಮಗ ಗಡಿಯಲ್ಲಿ ಸತ್ತ ಸುದ್ದಿ ಬರುತ್ತದೆ. ದೇಸಾಯಿ ಏನೂ ಅನ್ನದೆ ನಿಲ್ಲುತ್ತಾನೆ. ಉಣ್ಣುವವರ ಕೈ ತಾನಾಗಿ ನಿಲ್ಲುವವರೆಗೆ ಅಪ್ಪ ಆ ಮೌನ ಹಿಡಿಯುತ್ತಿದ್ದರು. ಆಮೇಲೆ, "ಯಾರೂ ಏಳಬ್ಯಾಡ್ರಿ. ಊಟ ಮುಗಸ್ರಿ."

ಆ ತಿಂಗಳು ಅಪ್ಪ ಬೇರೆ ನಾಟಕಗಳಲ್ಲಿ ನಿಜವಾಗಿಯೇ ಮಾತು ಮರೆತಿದ್ದರು. ನಾನು ಯಾರಿಗೂ ತಿಳಿಯದ ಹಾಗೆ ಎತ್ತಿ ಕೊಟ್ಟು ಕಾಪಾಡಿದ್ದೆ. ಆ ದಿನ ಮೌನ ಯಾವತ್ತಿಗಿಂತ ಉದ್ದವಾಯಿತು. ಹಿಂದಿನ ಪರದೆಯ ಸಂದಿನಿಂದ ನನಗೆ ಅವರ ಮುಖ ಕಾಣುವುದಿಲ್ಲ, ಬೆನ್ನು ಮಾತ್ರ. ಮರೆತರು ಎಂದು ಹೆದರಿ ಮಾತು ಕೊಟ್ಟೆ. ಅಷ್ಟು ನಿಶ್ಶಬ್ದದಲ್ಲಿ ಅದು ಇಡೀ ಹಾಲ್‌ಗೆ ಕೇಳಿಸಿತು. ಯಾರೋ ನಕ್ಕರು, ಆಮೇಲೆ ಎಲ್ಲರೂ.

ಅಪ್ಪ ಒಳಗೆ ಬಂದು ನನ್ನನ್ನು ಹೊಡೆದರು. ಹೋಳಿಗೆ ತಟ್ಟೆ ಹಿಡಿದು ನಿಂತವರ ಮುಂದೆ, ನಿನ್ನ ಮುಂದೆ. "ಈಕಿಗೆ ಮಾತು ಕಾಣತಾವ, ಮೌನ ಕಾಣೂದಿಲ್ಲ. ಲಂಡನ್ನಿನ ಹುಡುಗಿ" ಅಂದರು. ನಾನು ಅವರನ್ನು ಉಳಿಸಲು ಹೋಗಿದ್ದೆ, ಅವ್ವ. ಅದನ್ನು ಕೇಳಲೇ ಇಲ್ಲ. ಆ ರಾತ್ರಿಯೇ ಮನೆ ಬಿಟ್ಟೆ. ಎಂಟು ವರ್ಷ ಕೇಳಲಿಲ್ಲ.

ನೀನು ಕರೆಯುತ್ತಿದ್ದೀ. ಅವರು ಕರೆದರೆ ಬರುತ್ತೇನೆ. ಪಾಟಿ ಇದೆಯಲ್ಲ.

ಸೌಜನ್ಯಾ

*

ಕಿಂಗ್ಸ್‌ಬರಿ
೬ ಅಕ್ಟೋಬರ್ ೨೦೦೩

ಸೌಜನ್ಯಾ,

ನಿನ್ನೆ ವಿಜಯದಶಮಿ. ಬನ್ನಿ ಸೊಪ್ಪು ಇಲ್ಲಿ ಎಲ್ಲಿ ಸಿಗಬೇಕು, ಯಾವುದೋ ಎಲೆ ದೇವರ ಮುಂದಿಟ್ಟು ನಮಸ್ಕಾರ ಮಾಡಿದೆವು. ಅವರು ಸಮಾಧಾನದಲ್ಲಿದ್ದರು. ಅದಕ್ಕೇ ಆಗ ಕೇಳಿದೆ.

"ಸೌಜಿ ಬಂದು ಹಿಂದ ಕುಂತು ಮಾತು ಹೇಳಿದ್ರ ಹೆಂಗ?" ಅಂದೆ.

ಚಾ ಬಟ್ಟಲು ಕೆಳಗಿಟ್ಟರು. ಪಾಟಿ ತೆಗೆದುಕೊಂಡು ಬರೆದರು: 'ಹೆಣ್ಣುದನಿ'.

"ನಿಮ್ಮ ಕಂಪನಿಯೊಳಗ ಮೀಸಿ ಬೋಳಿಸಿಕೊಂಡು ಗಂಡಸರು ಸೀತಿ ಆಗತಿದ್ರಲ್ಲ, ಆವಾಗ ಯಾರಿಗೂ ಏನೂ ಅನಸಲಿಲ್ಲ?" ಅಂದೆ. ಅವರಿಗೆ ನಗು ಬಂತು. ನಕ್ಕರೆ ಈಗ ಕೊರಳಿನಿಂದ ಸೀಟಿ ಹೊಡೆದ ಹಾಗೆ ಗಾಳಿ ಬರುತ್ತದೆ, ಅದಕ್ಕೆ ನಗುವುದನ್ನೂ ಕಡಿಮೆ ಮಾಡಿದ್ದಾರೆ.

"ನೀವು ಕರದ್ರ ಬರತಾಳ. ನಾ ಕರದ್ರ ಬರೂದಿಲ್ಲಂತ. ಎರಡು ಅಕ್ಷರ ಬರೀರಿ, ನಾ ಮುಟ್ಟಸ್ತೀನಿ."

ಪಾಟಿ ಒರೆಸಿದರು. ಆಮೇಲೆ 'ಬ್ಯಾಡ' ಅಂತ ಬರೆದು ಎದ್ದುಹೋದರು.

ಅವರು ಕರೆದರು ಅಂತ ನಾನು ಬರೆದಿದ್ದರೆ ನೀನು ಬಂದುಬಿಡುತ್ತಿದ್ದೆ. ಎದೆಯ ಮೇಲೆ ಲಿಂಗ ಕಟ್ಟಿಕೊಂಡು ಸುಳ್ಳು ಬರೆಯಲಾರೆ. ಆದದ್ದು ಇಷ್ಟು. ಆ ದಿನ ನಾನೂ ಅಲ್ಲೇ ಇದ್ದೆ ಅಂತ ಬರೆದಿದ್ದೀ. ಇದ್ದೆ. ಎಲೆ ಮುಂದೆ ಕೂತ ಜನರನ್ನು ಬಿಟ್ಟು ನಿನ್ನ ಹಿಂದೆ ಮೆಟ್ಟಿಲಿಳಿದು ಬರಲು ನನ್ನ ಕಾಲು ಏಳಲಿಲ್ಲ.

ರಾಕೇಶ್ ಅಂತ ಬೆಂಗಳೂರಿನವನೊಬ್ಬ ನಿಮ್ಮ ಕಡೆಯೇ ಬ್ಯಾಂಕಿನ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ದನಿ ಚೆನ್ನಾಗಿದೆ. ರಾಜ್ಯೋತ್ಸವಕ್ಕೆ ಅವನ ಕೈಲಿ ಮಾತು ಹೇಳಿಸಿ ನೋಡೋಣ ಅಂತ ನಿಮ್ಮಪ್ಪ ಇದ್ದಾರೆ.

ಊಟ ಸರಿಯಾಗಿ ಮಾಡು.

ಅವ್ವ

*

ಕಿಂಗ್ಸ್‌ಬರಿ
೧೦ ನವೆಂಬರ್ ೨೦೦೩

ಸೌಜನ್ಯಾ,

ನೀನು ಉತ್ತರ ಬರೆದಿಲ್ಲ. ಬರೆಯದಿದ್ದರೂ ಇದನ್ನು ಓದು.

ರಾಜ್ಯೋತ್ಸವದ ಶನಿವಾರ ಆಟವಾಯಿತು. ರಾಕೇಶ್ ಪಾಪ ಒಳ್ಳೆಯವನು, ತಿಂಗಳಿಡೀ ಕಲಿತಿದ್ದ. ಪರದೆ ಎದ್ದಿತು. ನಿಮ್ಮಪ್ಪ ರುಮಾಲು ಸುತ್ತಿ, ಮೀಸೆ ತಿರುವಿ, ಬಂದ ಬೀಗರಿಗೆ ಕೈ ಮುಂದೆ ಮಾಡಿದರು. ಹಿಂದಿನಿಂದ ದನಿ ಬಂತು: "ಬನ್ನಿ ಬನ್ನಿ, ಕೂತ್ಕೊಳ್ಳಿ, ಸಂಕೋಚ ಮಾಡ್ಕೋಬೇಡಿ!"

ಮುಂದಿನ ಮೇಜಿನಲ್ಲಿ ವಿಜಯಪುರದವರು ಕೂತಿದ್ದರು. "ದೇಸಾಯರು ಯಾವಾಗ ಬೆಂಗಳೂರಿಗೆ ವರ್ಗ ಆದ್ರಿ?" ಅಂತ ಒಬ್ಬ ಕೂಗಿದ. ಹಾಲ್ ಎಲ್ಲ ನಕ್ಕಿತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ತುಟಿ ಮತ್ತು ದನಿ ಕೂಡಲಿಲ್ಲ. ದನಿ ಬರಲಿ ಅಂತ ಇವರು ನಿಲ್ಲುತ್ತಾರೆ, ತುಟಿ ಆಡಲಿ ಅಂತ ಅವನು ನಿಲ್ಲುತ್ತಾನೆ. ಬಾಗಿಲಲ್ಲಿ 'ನೀವು ಮೊದಲು, ನೀವು ಮೊದಲು' ಅನ್ನುವವರ ಹಾಗೆ. ಮಗ ಸತ್ತ ಸುದ್ದಿಯ ಹೊತ್ತಿಗೆ ಜನ ಒರಗಿ ಒರಗಿ ನಗುತ್ತಿದ್ದರು.

ಅಲ್ಲೇ ನಿಲ್ಲಿಸಿದರು. ರುಮಾಲು ತೆಗೆದು, ಕೆಳಗಿಳಿದು, ನನ್ನ ಕೈಯಿಂದ ರೊಟ್ಟಿ ಬುಟ್ಟಿ ತೆಗೆದುಕೊಂಡು ತಾವೇ ಬಡಿಸಿದರು. ಒಂದೊಂದು ಮೇಜಿಗೂ ಹೋದರು. ಕೂಗಿದವನಿಗೂ ಬಡಿಸಿದರು. ಅವನ ಮುಖ ನೋಡಬೇಕಿತ್ತು. ರೊಟ್ಟಿ ಮುರಿಯುವುದಕ್ಕೂ ಆಗಲಿಲ್ಲ ಅವನಿಗೆ.

ರಾಕೇಶ್ ಬಂದು, "ಅಮ್ಮಾ, ತಪ್ಪು ನನ್ನದೇ, ನಾನು ಧಾರವಾಡದ ಭಾಷೆ ಇನ್ನೂ ಪ್ರಾಕ್ಟೀಸ್ ಮಾಡ್ತೀನಿ" ಅಂದ. ಅದು ಭಾಷೆಯ ಮಾತಲ್ಲಪ್ಪಾ ಅಂತ ಹೇಳಿ ಊಟ ಕಟ್ಟಿ ಕೊಟ್ಟೆ.

ಮರುದಿನದಿಂದ ಕಿಟಕಿಯ ಮುಂದೆ ನಿಲ್ಲುವುದನ್ನು ಬಿಟ್ಟಿದ್ದಾರೆ. ಶನಿವಾರ ಬೇರೆಯವರು ಆಡುತ್ತಾರೆ, ಇವರು ಮನೆಯಲ್ಲಿ ಇರುತ್ತಾರೆ. ಮದುವೆಯಾಗಿ ಬಂದಾಗಿನಿಂದ ಶನಿವಾರ ಸಂಜೆ ಈ ಮನುಷ್ಯ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ.

ಅವ್ವ

*

ಕ್ಯಾನರಿ ವಾರ್ಫ್
೧೮ ಡಿಸೆಂಬರ್ ೨೦೦೩

ಅವ್ವ,

ಕೆಲವು ವಿಷಯ ತಿಳಿಯಬೇಕಾಗಿದೆ. ಬರುತ್ತೇನೆ ಎಂದು ಅರ್ಥ ಮಾಡಿಕೊಳ್ಳಬೇಡ.

ನಾನು ಅಪ್ಪನಿಗೆ ಮಾತು ಕೊಡುತ್ತಿದ್ದದ್ದು ಅವರ ಹೆಗಲು ನೋಡಿ. ಮಾತಿಗೆ ಮೊದಲು ಉಸಿರು ತೆಗೆದುಕೊಂಡಾಗ ಬಲ ಹೆಗಲು ಸ್ವಲ್ಪ ಏಳುತ್ತಿತ್ತು. ಈಗ ಉಸಿರು ಕೊರಳಿನಿಂದ ಬರುತ್ತದೆ ಎಂದಿದ್ದೀ. ಹಾಗಾದರೆ ಹೆಗಲು ಏಳುತ್ತದೆಯೇ? ಏಳದಿದ್ದರೆ ಮಾತು ಶುರುವಾಗುವುದು ಹಿಂದಿನಿಂದ ಹೇಗೆ ತಿಳಿಯುತ್ತದೆ? ರಾಕೇಶ್‌ಗೆ ತಿಳಿಯಲು ಸಾಧ್ಯವೇ ಇರಲಿಲ್ಲ. ಅವನನ್ನು ಯಾರೂ ಬಯ್ಯಬಾರದು.

ನಕ್ಕವರಿಗೆ ಅಪ್ಪ ಬಡಿಸಿದರು ಎಂದು ಬರೆದಿದ್ದೀ. ಅದನ್ನು ಓದಿದ ಮೇಲೆ ಎರಡು ವಾರ ನನಗೆ ಸರಿಯಾಗಿ ಕೆಲಸ ಮಾಡಲಾಗಲಿಲ್ಲ.

ಸೌಜನ್ಯಾ

*

ಕಿಂಗ್ಸ್‌ಬರಿ
೧೫ ಜನವರಿ ೨೦೦೪

ಸೌಜನ್ಯಾ,

ಸಂಕ್ರಾಂತಿ. ಎಳ್ಳು ಬೆಲ್ಲ ಈ ಪತ್ರದ ಜೊತೆ ಕಳಿಸಿದ್ದೇನೆ. ಶಿವಪ್ರಕಾಶ ದಾರಿಯಲ್ಲಿ ತಿನ್ನದಿದ್ದರೆ ನಿನಗೆ ಮುಟ್ಟುತ್ತದೆ. "ಅಕ್ಕಾ, ನಾ ಓಡಸೂದು ಟ್ಯೂಬು, ಟಪಾಲ್ ಗಾಡಿ ಅಲ್ಲ" ಅಂತ ಗೊಣಗುತ್ತಾನೆ, ಆದರೆ ಪತ್ರ ಇದೆಯಾ ಅಂತ ಅವನೇ ಕೇಳುತ್ತಾನೆ.

ನೀನು ಕೇಳಿದ್ದಕ್ಕೆ ಉತ್ತರ ಸಿಗಬೇಕಾದರೆ ಅವರು ಮತ್ತೆ ಪಾರ್ಟು ಮಾಡಬೇಕಲ್ಲ. ಅದಕ್ಕೆ ಮೂರು ವಾರ ಹಿಡಿಯಿತು. ನಾನೇ ಒಂದು ದಿನ ಬೀಗಿತ್ತಿಯ ಹಾಗೆ ಸೆರಗು ಹೊದ್ದು ಕಿಟಕಿಯ ಹತ್ತಿರ ನಿಂತು, "ದೇಸಾಯರ, ಬಂದವರಿಗೆ ಕೈಕಾಲಿಗೆ ನೀರಿಲ್ಲೇನು ನಿಮ್ಮ ವಾಡೇದಾಗ?" ಅಂದೆ. ಸಿಟ್ಟಿನಿಂದ ನೋಡಿದರು. ಆಮೇಲೆ ಎದ್ದರು.

ಹಿಂದೆ ನಿಂತು ನೋಡಿದೆ. ನಾನು ಅವರ ಬೆನ್ನು ಹಾಗೆ ನೋಡಿದ್ದು ಅದೇ ಮೊದಲು. ಹೆಗಲು ಏಳುವುದಿಲ್ಲ. ಆದರೆ ಮಾತು ಶುರುವಾಗುವ ಮೊದಲು ಎಡಗಾಲಿನ ಹಿಮ್ಮಡಿ ನೆಲ ಬಿಡುತ್ತದೆ. ಪ್ರತಿ ಸಲ. ಅವರಿಗೆ ಅದು ಗೊತ್ತಿಲ್ಲ, ನಾನು ಹೇಳಿಲ್ಲ. ಹೇಳಿದರೆ ಬೇಕಂತಲೇ ಮಾಡಲು ಹೋಗಿ ಕೆಡಿಸಿಕೊಳ್ಳುತ್ತಾರೆ.

ಯುಗಾದಿಯ ಹಿಂದಿನ ದಿನ ಶನಿವಾರ, ಮಾರ್ಚ್ ಇಪ್ಪತ್ತು. ಅದೇ ಕಡೆಯ ಆಟ. ದೇಸಾಯಿ ಆಡುತ್ತೇನೆ ಅಂತ ಪಾಟಿಯ ಮೇಲೆ ಬರೆದು ಶಿವಪ್ರಕಾಶನಿಗೆ ತೋರಿಸಿದ್ದಾರೆ. ದನಿ ಯಾರದು ಅಂತ ಅವನು ಕೇಳಿದ. ಪಾಟಿ ಒರೆಸಿ ಗೂಟಕ್ಕೆ ಹಾಕಿದರು.

ಅವ್ವ

*

ಕ್ಯಾನರಿ ವಾರ್ಫ್
೧ ಮಾರ್ಚ್ ೨೦೦೪

ಅವ್ವ,

ಬರುತ್ತೇನೆ. ಅಪ್ಪನಿಗಾಗಿ ಎನ್ನಬೇಡ. ದೇಸಾಯಿ ಮತ್ತೊಮ್ಮೆ ನಗೆಪಾಟಲಾಗುವುದನ್ನು ಸಹಿಸಲಾರೆ.

ಅಡುಗೆಮನೆಯ ಬಾಗಿಲಿನಿಂದ ಬಂದು ನನ್ನ ಜಾಗದಲ್ಲಿ ಕೂಡುತ್ತೇನೆ. ಹೋಳಿಗೆ ಬಡಿಸುವ ಹೊತ್ತಿಗೆ ಹೋಗಿಬಿಡುತ್ತೇನೆ. ಅಪ್ಪನಿಗೆ ಹೇಳಬೇಡ. ಅವರು ಕೇಳಿದರೆ ನೀನು ಸುಳ್ಳು ಹೇಳುವುದಿಲ್ಲ ಎಂದು ಗೊತ್ತು. ಕೇಳದಂತೆ ನೋಡಿಕೋ.

ಸೌಜನ್ಯಾ

*

ಕಿಂಗ್ಸ್‌ಬರಿ
೨೨ ಮಾರ್ಚ್ ೨೦೦೪

ಸೌಜಿ,

ಸೋಮವಾರದ ಪೂಜೆ ಮುಗಿಸಿದೆ. ಹಾಲ್‌ನಿಂದ ತಂದ ಪಾತ್ರೆಗಳು ಇನ್ನೂ ಅಂಗಳದಲ್ಲೇ ಇವೆ.

ನೀನು ಮಾತು ಮುಗಿಸಿದ ಮೇಲೆ ಹಿಂದೆ ಬಂದು ನೋಡಿದೆ. ಕುರ್ಚಿ ಖಾಲಿ ಇತ್ತು. ಬಿಡು, ಹೇಳಿದ ಹಾಗೇ ಮಾಡಿದೆ. ನೀನು ನೋಡಿದ್ದು ಬೆನ್ನು. ಮುಖ ನಾನು ನೋಡಿದೆ. ಅದನ್ನು ನಿನಗೆ ಬರೆಯದಿದ್ದರೆ ಬೇರೆ ಯಾರು ಬರೆಯುತ್ತಾರೆ?

ಅವರು ಯಾರ ದನಿ ಅಂತ ಕೇಳಲೇ ಇಲ್ಲ. ಕಡೆಯವರೆಗೂ. ದನಿ ಬರದಿದ್ದರೆ ಮೂಕ ದೇಸಾಯಿಯಾಗಿಯೇ ನಿಂತು ಬರುತ್ತೇನೆ ಅಂತ ಮನಸ್ಸು ಮಾಡಿದ್ದರು ಅಂತ ಕಾಣುತ್ತದೆ. ಪರದೆ ಎದ್ದಿತು. "ಬರ್ರಿ, ಬರ್ರಿ. ವಾಡೆ ನಿಮ್ದು, ನಾ ಬರೇ ಕಾವಲುಗಾರ" ಅಂತ ನಿನ್ನ ದನಿ ಬಂತು. ಅವರ ಕೈ ಮುಂದೆ ಚಾಚಿದ್ದು ಹಾಗೇ ನಿಂತಿತು. ಮೇವು ತಿನ್ನುತ್ತಿದ್ದ ಆಕಳು ಕರು ಕೂಗಿದ್ದು ಕೇಳಿ ಕಿವಿ ಹಿಂದಕ್ಕೆ ಮಾಡುತ್ತದಲ್ಲ, ಮುಖ ಹಾಗಾಯಿತು. ನಾನು ರೊಟ್ಟಿ ಬುಟ್ಟಿ ಹಿಡಿದು ದೇವರೇ, ಇವರು ತಿರುಗದಿರಲಿ ಅಂದೆ. ತಿರುಗಲಿಲ್ಲ. ಎರಡನೆಯ ಮಾತಿಗೆ ಬಾಯಿ ತೆರೆದರು, ನಿನ್ನ ದನಿ ಅವರ ಬಾಯಿಂದಲೇ ಬಂತು.

ಹೆಣ್ಣುದನಿ ಅಂತ ಮೊದಲು ಯಾರೋ ಕೆಮ್ಮಿದರು. ಆಮೇಲೆ ಯಾರಿಗೂ ನೆನಪಿರಲಿಲ್ಲ. ಅದೇ ವಿಜಯಪುರದವನು ಈ ಸಲ ಬಾಯಿಗೆ ರೊಟ್ಟಿ ಇಡುವುದನ್ನೂ ಮರೆತು ಕೂತಿದ್ದ.

ಸುದ್ದಿ ಬಂದ ಮೇಲಿನ ಮೌನ. ಅವರ ಕಣ್ಣು ಯಾರ ಮೇಲೂ ಇರಲಿಲ್ಲ. ತುಟಿ ನಡುಗಿತು. ಇದು ದೇಸಾಯಿಯ ನಡುಕವಲ್ಲ ಅಂತ ನನಗೆ ಅನಿಸಿತು, ಮೂವತ್ತು ವರ್ಷ ಆ ಮುಖ ನೋಡಿದ್ದೇನೆ. ಎಷ್ಟೋ ಹೊತ್ತು ಹಿಡಿದರು. ಒಂದು ಮೇಜಿನಲ್ಲಿ ಕೂಸು ಅಳಲು ಶುರು ಮಾಡಿ ತಾನೇ ಸುಮ್ಮನಾಯಿತು. ಆಮೇಲೆ ನೀನು ಮಾತು ಕೊಟ್ಟೆ. ಒಂದು ಕೂದಲೆಳೆ ಹಿಂದಿಲ್ಲ, ಮುಂದಿಲ್ಲ.

ಹೇಗೆ ತಿಳಿಯಿತು ನಿನಗೆ? ಹಿಮ್ಮಡಿ ಎದ್ದಿತಾ?

ಮನೆಗೆ ಬಂದು ಮುಖದ ಬಣ್ಣ ಸಹಿತ ತೊಳೆಯದೆ ಕೂತರು. ನಾನು ಪಾಟಿ ಮುಂದಿಟ್ಟೆ. ಅದನ್ನು ಪಕ್ಕಕ್ಕೆ ಸರಿಸಿದರು. ಇವತ್ತು ಬೆಳಗ್ಗೆ ಜಿ.ಪಿ. ಡಾಕ್ಟರ ಹತ್ತಿರ ಹೋಗಿದ್ದೆವು. ಕೆಮ್ಮು ಸರಿಯಿಲ್ಲ, ಎದೆಯ ಫೋಟೋ ತೆಗೆಸಬೇಕು ಅಂದಿದ್ದಾರೆ.

ಅವ್ವ

*

ಕ್ಯಾನರಿ ವಾರ್ಫ್
೨ ಏಪ್ರಿಲ್ ೨೦೦೪

ಅವ್ವ,

ನಿನ್ನ ಪತ್ರವನ್ನು ದಿನವೂ ಓದುತ್ತಿದ್ದೇನೆ.

ಹಿಮ್ಮಡಿ ಏಳಲಿಲ್ಲ. ನಾನು ಹಿಮ್ಮಡಿಯ ಮೇಲೆಯೇ ಕಣ್ಣಿಟ್ಟಿದ್ದೆ, ಅದು ಅಲುಗಲಿಲ್ಲ. ಹೋದ ಸಲಕ್ಕಿಂತ ಉದ್ದ ಮೌನ. ಈ ಸಲ ಪ್ರಾಣ ಹೋದರೂ ಮಾತಾಡುವುದಿಲ್ಲ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದೆ. ನಿನಗೆ ಮುಂದಿನಿಂದ ಕಾಣಿಸದ್ದನ್ನು ನಾನು ಬರೆಯುತ್ತೇನೆ. ಅಪ್ಪ ಬಲಗೈಯನ್ನು ನಿಧಾನವಾಗಿ ಬೆನ್ನ ಹಿಂದೆ ತಂದರು. ಅಂಗೈ ಮೇಲೆ ಮಾಡಿ, ನನ್ನ ಕಡೆ ಚಾಚಿದರು. ಪ್ರಸಾದಕ್ಕೆ ಕೈ ಒಡ್ಡುವ ಹಾಗೆ. ಆ ನಾಟಕದಲ್ಲಿ ಹಾಗೆ ಮಾಡುವುದು ಎಲ್ಲೂ ಇಲ್ಲ. ನನಗೆ ಪ್ರತಿ ಸಾಲೂ ಗೊತ್ತು.

ಅವರು ಕೇಳಿದರು, ಅವ್ವ. ಎಲ್ಲರ ಮುಂದೆ ನಿಂತು, ಯಾರಿಗೂ ಕಾಣದ ಹಾಗೆ ಕೇಳಿದರು. ನಾನು ಕೊಟ್ಟೆ.

ಅದಕ್ಕೇ ಓಡಿಹೋದೆ. ಇನ್ನೊಂದು ನಿಮಿಷ ಇದ್ದಿದ್ದರೆ ಹೋಗಿ ಆ ಕೈ ಹಿಡಿಯುತ್ತಿದ್ದೆ, ಆಟ ಕೆಡುತ್ತಿತ್ತು.

ಈಗ ನಾನು ಮನೆಗೆ ಬರಬಹುದೇ? ಅಪ್ಪನನ್ನು ಕೇಳು. ಈಸ್ಟರ್ ರಜೆಗೆ ಆಫೀಸಿನ ಗೆಳತಿಯ ಜೊತೆ ಸ್ಕಾಟ್ಲೆಂಡಿಗೆ ಹೋಗುವುದು ಮೊದಲೇ ನಿಗದಿಯಾಗಿತ್ತು, ಹನ್ನೆರಡಕ್ಕೆ ವಾಪಸು ಬರುತ್ತೇನೆ. ಅದಾದ ಮೇಲೆ ಯಾವ ದಿನವಾದರೂ.

ಸೌಜಿ

*

ಕಿಂಗ್ಸ್‌ಬರಿ
೫ ಏಪ್ರಿಲ್ ೨೦೦೪

ಸೌಜಿ,

ನಿನ್ನ ಪತ್ರ ಅವರಿಗೆ ಓದಿ ಹೇಳಿದೆ. ಕೈಯ ವಿಷಯ ಬಂದಾಗ ಗೋಡೆ ಕಡೆ ತಿರುಗಿದರು. ಮುಗಿದ ಮೇಲೆ ಮತ್ತೊಮ್ಮೆ ಓದು ಅಂತ ಬೆರಳು ತೋರಿಸಿದರು.

"ಏನಂತ ಬರೀಲಿ?" ಅಂದೆ.

ಪಾಟಿ ತೆಗೆದುಕೊಂಡು ಬರೆದರು: 'ರವಿವಾರ. ಉಣ್ಣಾಕ ಬಾ ಅನ್ನು.' ನನ್ನನ್ನು ನೋಡಿ, ಮತ್ತೆ ಪಾಟಿ ಎಳೆದುಕೊಂಡು ಕೆಳಗೆ ಸೇರಿಸಿದರು: 'ಮುಖ ನೋಡಿ ಭಾಳ ದಿನ ಆತು.'

ಹದಿನೆಂಟನೇ ತಾರೀಖು ರವಿವಾರ. ಮುಂದಿನ ಬಾಗಿಲಿನಿಂದ ಬಾ.

ಎದೆಯ ಫೋಟೋದಲ್ಲಿ ಒಳ್ಳೆಯದು ಬಂದಿಲ್ಲ. ಇನ್ನೊಮ್ಮೆ ನೋಡುತ್ತಾರಂತೆ. ನೀನು ಬಂದ ಮೇಲೆ ಮಾತಾಡೋಣ.

ಅವ್ವ

*

ಕಿಂಗ್ಸ್‌ಬರಿ
೧೪ ಏಪ್ರಿಲ್ ೨೦೦೪

ಸೌಜಿ,

ನಿನ್ನೆ ಶಿವಪ್ರಕಾಶ ಫೋನಿನಲ್ಲಿ ನಿಮ್ಮಪ್ಪ ಹೋದರು ಅಂತ ಹೇಳಿದಾಗ ನೀನು "ಮಣ್ಣು ಯಾವತ್ತು?" ಅಂತ ಒಂದೇ ಮಾತು ಕೇಳಿ ಇಟ್ಟುಬಿಟ್ಟೆಯಂತೆ. ಅವನಿಗೆ ಬೇಜಾರಾಯಿತು. ನನಗೆ ಆಗಲಿಲ್ಲ. ರವಿವಾರ ಬರಬೇಕಾಗಿದ್ದ ಮನೆಗೆ ಅವರಿಲ್ಲದೆ ಹೇಗೆ ಬರುವುದು ಅಂತ ಕೂತಿರುತ್ತೀ. ನಾನೂ ಈ ಮನೆಯಲ್ಲಿ ಹೇಗೆ ಇರುವುದು ಅಂತ ಕೂತಿದ್ದೇನೆ.

ಹೇಗಾಯಿತು ಅಂತ ನಿನಗೆ ತಿಳಿಯಬೇಕು. ನಿನ್ನೆ ಬೆಳಗ್ಗೆ ಗಂಜಿ ಕುಡಿದರು. ಕೆಮ್ಮು ಬಂತು, ಕಫ ಕೊಳವೆಗೆ ಕಟ್ಟಿತು. ಹೋದ ಸಲ ತೆಗೆದ ಹಾಗೇ ತೆಗೆಯಲು ನೋಡಿದೆ, ಆಗಲಿಲ್ಲ. ಆಂಬುಲೆನ್ಸ್ ಬೇಗನೇ ಬಂತು. ಅವರದೇನೂ ತಪ್ಪಿಲ್ಲ. ಎದೆಯಲ್ಲಿ ಶಕ್ತಿಯೇ ಇರಲಿಲ್ಲ ಅಂದರು. ನಿಮ್ಮಪ್ಪ ಕಡೆಗೂ ನನ್ನ ಕೈ ಹಿಡಿದೇ ಇದ್ದರು. ಹಿಂದಿನ ದಿನ ಶಿವಪ್ರಕಾಶನ ಕೈಲಿ ಕೂದಲು ಕತ್ತರಿಸಿಕೊಂಡಿದ್ದರು, ರವಿವಾರಕ್ಕೆ ಅಂತ. "ಮಾವಾ, ಮಗಳು ಬರತಾಳೋ, ಬೀಗರು ಹೆಣ್ಣು ನೋಡಾಕ ಬರತಾರೋ?" ಅಂತ ಅವನು ಕಾಡಿದ್ದಕ್ಕೆ ಸೀಟಿಯ ಹಾಗೆ ನಕ್ಕಿದ್ದರು. ಅದನ್ನು ನೀನು ಕೇಳಿದ್ದರೆ ಚೆನ್ನಾಗಿತ್ತು.

ರವಿವಾರ ಅಂತ ಬರೆಸಿದ್ದು ಅವರು. ನಾನೂ ಅಷ್ಟು ದಿನ ಇದೆಯಲ್ಲ, ಬರಲಿ ಬಿಡು ಅಂದುಕೊಂಡೆ. ದೇವರು ಯಾಕೆ ಹೀಗೆ ಮಾಡಿದ ಅಂತ ನಿನ್ನೆ ಕೇಳಿದೆ. ಇವತ್ತು ಕೇಳಲಿಲ್ಲ. ಪೂಜೆ ಮಾಡಿದೆ.

ಮಣ್ಣು ಬರುವ ಬುಧವಾರ. ನಮ್ಮಲ್ಲಿ ಕೂಡಿಸಿ ಮಣ್ಣು ಕೊಡುವುದು ಪದ್ಧತಿ, ಇಲ್ಲಿಯವರು ಪೆಟ್ಟಿಗೆಯಲ್ಲಿ ಮಲಗಿಸಿಯೇ ಅಂದರು. ಸರಿ ಅಂದೆ. ವಿಭೂತಿ ಹಚ್ಚಲು ಒಪ್ಪಿದ್ದಾರೆ. ಅದಕ್ಕೆ ಮೊದಲು ಅಲ್ಲಿ ಒಂದು ಕೋಣೆಯಲ್ಲಿ ಎಲ್ಲರೂ ಕೂಡುತ್ತಾರಂತೆ. ಸತ್ತವರ ಬಗ್ಗೆ ಮನೆಯವರು ಯಾರಾದರೂ ಎದ್ದು ಮಾತಾಡುವುದು ಇಲ್ಲಿಯ ರೂಢಿ. ಯಾರು ಮಾತಾಡುತ್ತಾರೆ ಅಂತ ಅಲ್ಲಿಯವರು ಕೇಳಿದರು. ಶಿವಪ್ರಕಾಶ ನಾನು ಅಂದ. ರಾಕೇಶನೂ ಕೇಳಿದ. ತಡೀರಿ ಅಂದೆ.

ನೀನು ಮಾತಾಡುತ್ತೀಯಾ? ಮುಂದೆ ನಿಂತು, ಜನರ ಕಡೆ ಮುಖ ಮಾಡಿ. ನಾಟಕದ ಮಾತು ಬೇಡ. ನಿನ್ನ ಮನಸ್ಸಿನಲ್ಲಿರುವುದು. ಕನ್ನಡದಲ್ಲಿ ಬಂದರೆ ಕನ್ನಡ, ಇಂಗ್ಲಿಷಿನಲ್ಲಿ ಬಂದರೆ ಇಂಗ್ಲಿಷು, ನನಗೆ ಯಾರಾದರೂ ಹೇಳುತ್ತಾರೆ. ಸಿಟ್ಟಿದ್ದರೆ ಸಿಟ್ಟನ್ನೂ ಹೇಳು. ಅವರು ಹೊಡೆದದ್ದನ್ನು ಹೇಳಬೇಕು ಅನಿಸಿದರೆ ಹೇಳು, ನಾನು ತಲೆ ತಗ್ಗಿಸುವುದಿಲ್ಲ. ಸುಳ್ಳು ಹೊಗಳಿಕೆ ಮಾತ್ರ ಬೇಡ. ಅವರಿಗೂ ಅದು ಸೇರುತ್ತಿರಲಿಲ್ಲ.

ಆಗುವುದಿಲ್ಲ ಅಂದರೂ ನನಗೆ ಸಿಟ್ಟಿಲ್ಲ. ಆದರೆ ಅದನ್ನು ಬರೆದು ತಿಳಿಸು. ಎಂಟು ವರ್ಷ ಸುಮ್ಮನಿದ್ದದ್ದು ಈ ಮನೆಗೆ ಸಾಕು.

ಶಿವಪ್ರಕಾಶನನ್ನು ಹತ್ತಿರವೇ ಇಟ್ಟುಕೊಂಡಿದ್ದೇನೆ, ಅದಕ್ಕೆ ಈ ಪತ್ರ ರಾಕೇಶನ ಕೈಯಲ್ಲಿ ಕಳಿಸಿದ್ದೇನೆ. ನೀನು ಬರೆಯುವವರೆಗೆ ಕೆಳಗೆ ಲಿಫ್ಟಿನ ಹತ್ತಿರ ನಿಂತಿರು ಅಂತ ಹೇಳಿದ್ದೇನೆ, ಎಷ್ಟು ಹೊತ್ತಾದರೂ ನಿಲ್ಲುತ್ತಾನೆ. ಅವನಿಗೆ ಒಂದು ಲೋಟ ನೀರು ಕೊಡು. ನಿನ್ನ ಉತ್ತರ ಅವನೇ ತಂದು ನನಗೆ ಮುಟ್ಟಿಸಲಿ.

ನಿನ್ನ ಅವ್ವ,
ಗಿರಿಜಾದೇವಿ